ತೊಟ್ಟಿಲ ಕೊಂಡಿ

ಮೊನ್ನೆ ನಮ್ಮ ಚಾವಡಿಗೆ ಫ್ಯಾನು ಹಾಕಲು ಬಂದ ಎಲೆಕ್ಟ್ರಿಷಿಯನ್ ಏಣಿಯನ್ನು ಗೋಡೆಗೆ ಒರಗಿಸಿ, ಸೊಂಟಕ್ಕೆ ಕೈಕೊಟ್ಟು, ತಲೆಯೆತ್ತಿ ನಡುತೊಲೆಯನ್ನು ಒಮ್ಮೆ ಕೂಲಂಕಷವಾಗಿ ಅವಲೋಕಿಸಿ, "ಹ್ವಾಯ್, ಇಷ್ಟ್ ಗಟ್ಟಿ ಕೊಂಡಿ ಇತ್ತಲೆ! ಹೊಸ್ತ್ ಎಂತಕೆ? ಇದಕ್ಕೇ ಸಿಕ್ಸುವ" ಎಂದ. ನಾನು, ಅದು ಬಾಳೆಗೊನೆಗೆ ಬೇಕು ಎಂದೆ. ಕೊಂಡಿಯಲ್ಲಿ ಆಗ ನೇತಾಡುತ್ತಿದ್ದದ್ದು ಮನೆಮಂದಿಯೆಲ್ಲ ಕೈಯಾಡಿಸಿ ಮುಗಿಸುತ್ತ ಬಂದಿದ್ದ ಒಂದು ಬಡಕಲು ಗೊನೆ. ಅವನು ಗೊನೆಯನ್ನು ನೋಡಿದ, ನನ್ನನ್ನು ನೋಡಿದ, ಪುನಃ ಗೊನೆಯನ್ನು ನೋಡಿದ. ಬಾಳೆಹಣ್ಣಿಗೆ ಕೊಂಡಿ ಬಿಟ್ಟುಕೊಟ್ಟು ತಾನು ಬೆವರುವ ಯಜಮಾನನನ್ನು ಅವನು ತನ್ನ ವೃತ್ತಿಜೀವನದಲ್ಲಿ ಕಂಡಿರಲಿಕ್ಕಿಲ್ಲ.

ನಾನೂ ಕೊಂಡಿಯೂ ಒಂದು ವಿಷಯದಲ್ಲಿ ಸಮಾನದುಃಖಿಗಳು ಎಂಬುದನ್ನು ಅವನಿಗೆ ಹೇಳುವಂತಿರಲಿಲ್ಲ, ನಿಮಗೆ ಹೇಳಬಹುದು. ಹುಟ್ಟಿದ ಉದ್ದೇಶ ಒಂದು, ಮಾಡುತ್ತಿರುವ ಉದ್ಯೋಗ ಮತ್ತೊಂದು ಎಂಬುದೇ ಆ ದುಃಖ. ವಿದ್ವಾಂಸನಾಗಬೇಕೆಂದು ಕಾಲೇಜಿನಲ್ಲಿ ಸಂಸ್ಕೃತ ಓದಿದ ನಾನು, ತಂದೆಯವರು ತೀರಿಕೊಂಡ ಮೇಲೆ ಕುಂದಾಪುರದ ಪೇಟೆಯ ನಮ್ಮ ಜವಳಿ ಅಂಗಡಿಯಲ್ಲಿ ಕೂತು, ಪರಕಾರದ ಬಟ್ಟೆ ಅಳೆಯುತ್ತ ವಿಭಕ್ತಿ ಪ್ರತ್ಯಯಗಳನ್ನು ಮರೆತೆ. ಕೊಂಡಿ ತೊಟ್ಟಿಲು ಹೊರಲಿಕ್ಕೆಂದು ಹುಟ್ಟಿ ಬಾಳೆಗೊನೆ ಹೊರುತ್ತಿದೆ. ಕುಂಭಾಶಿಯ ಈ ಮನೆ ಕಟ್ಟಿಸುವಾಗಲೇ ನನ್ನ ಅಜ್ಜ ಅದನ್ನು ತೊಲೆಗೆ ಬಡಿಸಿದ್ದರಂತೆ. ನನಗೂ ನನ್ನ ತಂಗಿ ಗುಲಾಬಿಗೂ ಹೆಸರಿಟ್ಟದ್ದು ಅದಕ್ಕೆ ಕಟ್ಟಿದ ತೊಟ್ಟಿಲಲ್ಲೇ.

ಕೊಂಡಿ ನಮ್ಮದು, ತೊಟ್ಟಿಲು ಮಾತ್ರ ನಮ್ಮದಲ್ಲ. ಅದು ಹಾಲಾಡಿಯ ದೊಡ್ಡಮ್ಮನದು. ನನ್ನ ಅಜ್ಜಿಯ ತವರಾದ ಹಾಲಾಡಿ ಮನೆಯಲ್ಲಿ ಹಲಸಿನ ಮರದ ಒಂದು ತೊಟ್ಟಿಲಿತ್ತು. ಬಣ್ಣ ಹೋಗಿ, ಕಟಕಟೆಗಳು ಕೈತಾಗಿ ನುಣುಪಾಗಿ, ನೋಡಲು ತೀರಾ ಸಾಧಾರಣ. ಆದರೆ ಅದರಲ್ಲಿ ಮಲಗಿಸಿದ ಮಗು ಉಳಿಯುತ್ತದೆ ಎಂಬ ಖ್ಯಾತಿ ನಮ್ಮ ಬಳಗದಲ್ಲೆಲ್ಲ ಹಬ್ಬಿದ್ದರಿಂದ, ಯಾರ ಮನೆಯಲ್ಲಿ ನಾಮಕರಣವಾದರೂ ಅದೇ ತೊಟ್ಟಿಲು ಬರಬೇಕು. ಅದನ್ನು ತರಿಸುವುದಕ್ಕೂ ಒಂದು ಕ್ರಮವಿತ್ತು. ದಿನ ಗೊತ್ತುಮಾಡಿ ಒಮ್ಮೆ ಹೇಳಿ ಬಂದರೆ ಸಾಕು. ಮತ್ತೆ ನೆನಪಿಸಬಾರದು, ಹೋಗಿ ಹೊತ್ತು ತರಬಾರದು. ಆ ದಿನ ಬೆಳಿಗ್ಗೆ ಆ ಮನೆಯ ಹಿರಿಯ ಹೆಂಗಸೇ ತೊಟ್ಟಿಲಿನೊಂದಿಗೆ ಬಂದು ಇಳಿಯುತ್ತಾಳೆ. ಖಾಲಿ ತೊಟ್ಟಿಲು ದಾರಿ ನಡೆಯಬಾರದೆಂದು ಅದರೊಳಗೆ ಒಂದು ಗುಂಡುಕಲ್ಲನ್ನು ಶಿಶುವಿನಂತೆ ಬಟ್ಟೆ ಸುತ್ತಿ ಮಲಗಿಸಿರುತ್ತಾರೆ. ಮೊದಲು ಆ ಕಲ್ಲನ್ನು ತೂಗಿ, ಆಮೇಲೆ ಮಗುವನ್ನು ಮಲಗಿಸುವುದು. ಬರುವ ಕೇಡು ಕಲ್ಲಿಗೆ ತಾಗಲಿ, ಕೂಸಿಗೆ ತಾಗದಿರಲಿ ಎಂಬುದು ಅದರ ತಾತ್ಪರ್ಯ. ಹೆಸರು ಕರೆಯದೆ ಆ ತೊಟ್ಟಿಲು ಯಾರ ಮನೆಯಿಂದಲೂ ಹಿಂದೆ ಹೋದದ್ದಿಲ್ಲ ಎಂದು ದೊಡ್ಡಮ್ಮ ಜಂಬದಿಂದ ಹೇಳಿಕೊಳ್ಳುತ್ತಿದ್ದರು.

ಇನ್ನು ನನ್ನ ಜಂಬದ ವಿಷಯ. ನಮ್ಮ ಕಡೆ ಸಮಾರಂಭಗಳ ಉಸ್ತುವಾರಿಗೆ ಸುಧಾರಿಕೆ ಎನ್ನುತ್ತಾರೆ. ಮದುವೆಯಿರಲಿ, ತೀರಿಕೊಂಡವರ ಉತ್ತರಕ್ರಿಯೆಯ ಬೊಜ್ಜವಿರಲಿ, ಬಳಗದಲ್ಲಿ ಸುಧಾರಿಕೆಯೆಂದರೆ ನಾನೇ. ಎಲೆ ಹಾಕುವಲ್ಲಿಂದ ಎಲೆ ತೆಗೆಯುವಲ್ಲಿಯ ತನಕ ಎಲ್ಲವನ್ನೂ ಯುದ್ಧಭೂಮಿಯ ಸೇನಾಪತಿಯಂತೆ ನಿಯಂತ್ರಿಸಬಲ್ಲೆನೆಂಬ ಭ್ರಮೆಯಲ್ಲಿ ನಾನು ಹೆಗಲಿಗೆ ಬೈರಾಸು ಹಾಕಿಕೊಂಡು ಓಡಾಡುತ್ತೇನೆ. ಸಾರಿಗೆ ನೀರು ಬೆರೆಸುವ ಮುಹೂರ್ತ ಯಾವುದು, ಪಾಯಸ ಮುಗಿಯುವ ಹೊತ್ತಿಗೆ ಬಂದ ನೆಂಟರನ್ನು ಎಷ್ಟು ಹೊತ್ತು ಮಾತಿನಲ್ಲಿ ಕಟ್ಟಿಹಾಕಬೇಕು, ಮುನಿದ ಭಾವನೆಂಟರನ್ನು ಯಾವ ಪಂಕ್ತಿಯಲ್ಲಿ ಯಾರ ಪಕ್ಕ ಕೂರಿಸಬಾರದು ಎಂಬ ಶಾಸ್ತ್ರಗಳಲ್ಲಿ ನಾನು ಪಾರಂಗತ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ. ಅಡುಗೆಯವರು ಅಡುಗೆ ಮಾಡಿ, ಬಡಿಸುವವರು ಬಡಿಸಿ, ಉಣ್ಣುವವರು ಉಂಡುಹೋಗುತ್ತಾರೆ, ನಡುವೆ ಇವರದ್ದೊಂದು ಬೊಬ್ಬೆ ಎಂದು ಅವಳ ವಾದ. ಅದನ್ನು ನಾನು ಅಲ್ಲಗಳೆಯಲು ಹೋಗಿಲ್ಲ.

ಗುಲಾಬಿಯ ಮಗುವಿನ ನಾಮಕರಣದ ಸುಧಾರಿಕೆ ನನ್ನ ಪಾಲಿಗೆ ಬಂದದ್ದು ಕೊಂಕಣ ರೈಲು ಓಡಲು ಶುರುವಾಗಿ ಒಂದೆರಡು ವರ್ಷ ಕಳೆದ ಮೇಲೆ. ಗುಲಾಬಿಯನ್ನು ಕೊಟ್ಟದ್ದು ಬೈಂದೂರಿಗೆ. ಗಂಡ ಶೇಖರ, ನನಗೆ ಭಾವ. ಅಲ್ಲಿ ಮೊಳೆ, ಹಗ್ಗ, ಪೈಂಟು ಮಾರುವ ಅಂಗಡಿ. ದಿನಕ್ಕೆ ಹತ್ತು ಮಾತು ಆಡಿದರೆ ಹನ್ನೊಂದನೆಯದಕ್ಕೆ ಸುಸ್ತಾಗುವ ಸಜ್ಜನ. ಮದುವೆಯಾದ ಮೇಲೆ ಗುಲಾಬಿ ಮತ್ತೆ ಮತ್ತೆ ಬಸಿರಾದಳು, ಮತ್ತೆ ಮತ್ತೆ ಕಳೆದುಕೊಂಡಳು. ಹಾಗಾಗಿ ಈ ಸಲ ಏಳು ತಿಂಗಳು ದಾಟಿತೆಂಬ ಸುದ್ದಿ ಬಂದಾಗ ನಮ್ಮ ಅಮ್ಮ ಆನೆಗುಡ್ಡೆಯ ಗಣಪತಿಗೆ ಹೇಳಿಕೊಂಡ ಹರಕೆಗಳನ್ನು ಲೆಕ್ಕ ಹಾಕಿದರೆ ದೇವರಿಗೇ ಸಂಕೋಚವಾಗಬೇಕು. ದೇವರು ಸಂಕೋಚಪಟ್ಟನೋ ಏನೋ, ಮಗುವನ್ನು ಅವಸರದಲ್ಲಿ ಕಳಿಸಿಬಿಟ್ಟ.

ಬ್ರಹ್ಮಾವರ ದಾಟಿ ಹೋಗುವ ದೊಡ್ಡ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸೋದರಮಾವನೆಂಬ ಹಕ್ಕಿನಿಂದ ನಾನು ಹೊರಗಿನ ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆ. ನನ್ನ ಅಂಗೈಯಿಂದ ಮೊಣಕೈವರೆಗಿನಷ್ಟೂ ಉದ್ದವಿಲ್ಲದ, ಮೂಗಿಗೆ ನಳಿಗೆ ಕಟ್ಟಿಸಿಕೊಂಡ ಒಂದು ಕೆಂಪು ಜೀವ. ಅದು ಅಳುತ್ತಿತ್ತು. ಬಾಯಿ ತೆರೆಯುತ್ತಿತ್ತು, ಮುಖ ಕಿವುಚಿಕೊಳ್ಳುತ್ತಿತ್ತು, ಮುಷ್ಟಿ ನಡುಗುತ್ತಿತ್ತು. ಗಾಜಿನ ಈಚೆಗೆ ಮಾತ್ರ ಸದ್ದು ಒಂದಿಷ್ಟೂ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಗುಲಾಬಿ, ತನ್ನ ಮಗಳ ಸ್ವರ ತಾನಿನ್ನೂ ಕೇಳಿಲ್ಲ ಎಂದಳು. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ 'ಬೇಬಿ ಆಫ್ ಗುಲಾಬಿ' ಎಂದಷ್ಟೇ ಬರೆದಿತ್ತು.

ಹೆದರಿದವರು ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಅಮ್ಮ ಹರಕೆ ಹೇಳಿದರು, ಭಾವ ಬಾಯಿ ಮುಚ್ಚಿದ, ನಾನು ನಾಮಕರಣಕ್ಕೆ ಅಡುಗೆಯವರನ್ನು ಗೊತ್ತುಮಾಡಿದೆ. ಮಗುವಿನ ಪ್ರಾಣ ಅಷ್ಟು ಸಣ್ಣದಿರುವಾಗ ಅದರ ಊಟದ ವ್ಯವಸ್ಥೆಯನ್ನಾದರೂ ದೊಡ್ಡದು ಮಾಡಿದರೆ ವಿಧಿಗೆ ಮನಸ್ಸಾದೀತೋ ಎಂಬ ಜವಳಿ ಅಂಗಡಿಯ ತರ್ಕ ನನ್ನದು. ಆಸ್ಪತ್ರೆಯಿಂದ ಬರುವಾಗ ಬ್ರಹ್ಮಾವರದಲ್ಲಿ ಬಸ್ಸಿನಿಂದಿಳಿದು ಅಡುಗೆ ಭಟ್ಟರನ್ನು ಕಂಡು, ಹೆಸರುಬೇಳೆ ಪಾಯಸವೋ ಹಾಲುಪಾಯಸವೋ ಎಂದು ಸಂಜೆಯ ತನಕ ಸಮಾಲೋಚಿಸಿದೆ. ಆಮಂತ್ರಣಪತ್ರಿಕೆಯ ಒಕ್ಕಣೆಯನ್ನು ನಾನೇ ರಚಿಸಿದೆ. ಮರೆತಿದ್ದ ಸಂಸ್ಕೃತವೆಲ್ಲ ಆಗ ಎಲ್ಲಿಂದಲೋ ಉಕ್ಕಿ ಬಂದು, 'ಚಿರಂಜೀವಿ' ಎಂಬ ಶಬ್ದ ಒಂದೇ ಪತ್ರಿಕೆಯಲ್ಲಿ ಎರಡು ಕಡೆ ಬಿತ್ತು. ಪ್ರೆಸ್ಸಿನವನು ಒಂದು ತೆಗೆಯಲೇ ಎಂದು ಕೇಳಿದ. ಬೇಡ, ಇರಲಿ ಎಂದೆ.

ದಿನ ನಿಶ್ಚಯಿಸುವುದೇ ಕಷ್ಟವಾಯಿತು. ವೈದ್ಯರಿಗೆ ಮಗುವಿನ ತೂಕ ಏರಬೇಕು, ಪುರೋಹಿತರಿಗೆ ನಕ್ಷತ್ರ ಕೂಡಿಬರಬೇಕು, ಜಲಜಕ್ಕನಿಗೆ ರೈಲಿನ ಟಿಕೆಟು ಸಿಗಬೇಕು. ಜಲಜಕ್ಕನೆಂದರೆ ಬೊಂಬಾಯಿಯಲ್ಲಿರುವ ಭಾವನ ಅಕ್ಕ, ಮಗುವಿಗೆ ಸೋದರತ್ತೆ. ಕಿವಿಯಲ್ಲಿ ಹೆಸರು ಊದುವವಳು ಸೋದರತ್ತೆಯೇ ಆಗಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ನಾವು ಫೋನು ಮಾಡಿದಾಗಲೆಲ್ಲ ಅವಳು, "ಅರೆ, ರಿಸರ್ವೇಶನ್ನೇ ಸಿಕ್ಕುದಿಲ್ಲೆ ಮಾರ್ರೆ, ನಾ ಎಂತ ಮಾಡುದ್?" ಎಂದು ಅಲವತ್ತುಕೊಳ್ಳುತ್ತಿದ್ದಳು. ತೂಕ ಏರಿದಾಗ ನಕ್ಷತ್ರ ಕೂಡುತ್ತಿರಲಿಲ್ಲ. ನಕ್ಷತ್ರ ಕೂಡಿದಾಗ ಟಿಕೆಟು ಇರುತ್ತಿರಲಿಲ್ಲ. ಎರಡೂ ಕೂಡಿ ಬಂದ ವಾರ ಮಗುವಿಗೆ ಜ್ವರ ಬಂದು ಏರಿದ ತೂಕ ಇಳಿಯಿತು. ಕೊನೆಗೆ, ಧನುರ್ಮಾಸ ಶುರುವಾಗುವ ಮೊದಲಿನ ಒಂದು ದಿನವನ್ನು ಎಲ್ಲರೂ ಒಪ್ಪಿದರು. ನಾನು ಹಾಲಾಡಿಗೆ ಹೋಗಿ ದೊಡ್ಡಮ್ಮನಿಗೆ ದಿನ ಹೇಳಿ, ಅವರು ಕೊಟ್ಟ ಬೆಲ್ಲ ನೀರು ಕುಡಿದು ಬಂದೆ.

ಗುಲಾಬಿ ಇದನ್ನೆಲ್ಲ ಕೇಳಿ ಸುಮ್ಮನಿರುತ್ತಿದ್ದಳು. ಒಂದು ದಿನ ಮಾತ್ರ ಆಸ್ಪತ್ರೆಯ ಬೆಂಚಿನಲ್ಲಿ ಕೂತು, "ಅಣ್ಣಯ್ಯ, ಇಲ್ಲೇ ಹೆಸ್ರಿಟ್ರೆ ಆತಿಲ್ಯಾ? ನರ್ಸ್ ಬಾಯಿ ಒಂದ್ ಚೂರ್ ಪೆಟ್ಟಿಗೆ ತೆಗಿತ್ರಂಬ್ರ್. ನಾನೇ ಹೇಳ್ತೆ ಕೆಮಿಯಂಗೆ" ಎಂದು ಕೇಳಿದಳು. ಅಮ್ಮ ಹೌಹಾರಿದರು. ಮೈಲಿಗೆಯಲ್ಲಿ, ಆಸ್ಪತ್ರೆಯಲ್ಲಿ, ತೊಟ್ಟಿಲಿಲ್ಲದೆ, ಸೋದರತ್ತೆಯಿಲ್ಲದೆ ಯಾರಾದರೂ ಹೆಸರಿಡುವುದುಂಟೆ? ಅಲ್ಲದೆ ಗುಲಾಬಿಯ ಹಿಂದಿನ ಸಂಕಟಗಳನ್ನು ಕಂಡವರಾದ್ದರಿಂದ, ಈ ಸಲ ಒಂದೇ ಒಂದು ಶಾಸ್ತ್ರವೂ ತಪ್ಪಬಾರದೆಂದು ಅವರ ಹಟ. ಎಲ್ಲವನ್ನೂ ಸರಿಯಾಗಿ ಮಾಡಿದರೆ ಮಗು ಉಳಿಯುತ್ತದೆ ಎಂದು ಅಮ್ಮ ನಂಬಿದ್ದರು, ನಾನೂ ನಂಬಿದ್ದೆ. ಗಡದ್ದಾಗಿ ಮಾಡುವ, ಸ್ವಲ್ಪ ತಡಿ ಎಂದೆ. ಹೆಸರು ಯಾವುದೆಂದು ಅವಳು ಯಾರಿಗೂ ಹೇಳಿರಲಿಲ್ಲ. ಇಡುವ ಮೊದಲು ಹೆಸರು ಬಾಯಿಂದ ಹೊರಗೆ ಬೀಳಬಾರದೆಂಬುದು ಇನ್ನೊಂದು ಶಾಸ್ತ್ರ. ಅವಳು ತಲೆಯಾಡಿಸಿ ಒಳಗೆ ಹೋಗಿ ಗಾಜಿನ ಮುಂದೆ ನಿಂತಳು.

ನಾಮಕರಣಕ್ಕೆ ಇನ್ನು ವಾರವೂ ಇಲ್ಲವೆನ್ನುವಾಗ ಮಗು ತೀರಿಹೋಯಿತು.

ಬಿಳಿ ಬಟ್ಟೆಯಲ್ಲಿ ಸುತ್ತಿ ಗುಲಾಬಿಯ ಮಡಿಲಿಗೆ ಕೊಟ್ಟರು. ಮೊದಲ ಸಲ ಅವಳು ಮಗಳನ್ನು ಎತ್ತಿಕೊಂಡದ್ದು ಹಾಗೆ. ಬಾಡಿಗೆ ಕಾರಿನಲ್ಲಿ ಬ್ರಹ್ಮಾವರ ದಾಟಿ ಬಂದೆವು; ಭಟ್ಟರ ಮನೆಯ ಗೇಟು ಕಂಡಾಗ ನಾನು ಆಚೆ ಮುಖ ಮಾಡಿದೆ. ಮಣ್ಣು ಮಾಡುವಲ್ಲಿಗೆ ತಾಯಿ ಬರುವ ಕ್ರಮವಿಲ್ಲವಾದ್ದರಿಂದ ಕುಂಭಾಶಿಯಲ್ಲಿ, ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ, ಅವಳು ಇಳಿದು ಮಗುವನ್ನು ಭಾವನ ಕೈಗೆ ಕೊಟ್ಟಳು. ಕೊಡುವ ಮೊದಲು ಬಟ್ಟೆಯ ಅಂಚನ್ನು ಮಗುವಿನ ಕಾಲಿನ ಕೆಳಗೆ ಸಿಕ್ಕಿಸಿ, ಗಾಳಿ ಹೊಕ್ಕದ ಹಾಗೆ ಸರಿಮಾಡಿದಳು. ಅಮ್ಮ ಗೇಟಿನ ಹತ್ತಿರ ನಿಂತಿದ್ದರು. ಕಾರು ಮುಂದೆ ಹೋಯಿತು.

ಕುಂದಾಪುರ ಕಳೆದು ತ್ರಾಸಿಗೆ ಬಂದಾಗ, ಅಲ್ಲಿ ರಸ್ತೆಯ ಮಗ್ಗುಲಿಗೇ ಕಡಲು ಬರುತ್ತದಲ್ಲ, ಭಾವ ಡ್ರೈವರಿಗೆ ನಿಲ್ಲಿಸಲು ಹೇಳಿದ. ಇಳಿಯಲಿಲ್ಲ. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಮಡಿಲಿನ ಬಟ್ಟೆಯನ್ನು ಒಂದಿಷ್ಟು ಸರಿಸಿ, "ಇಕಾ, ಕಾಣ್ ಮಗಾ, ಕಡ್ಲ್" ಎಂದ. ಅವನು ಆ ದಿನವಿಡೀ ಆಡಿದ್ದು ಅಷ್ಟೇ ಮಾತು. ಡ್ರೈವರನು ಯಾಕೋ ಕಾರಿನಿಂದ ಇಳಿದುಹೋಗಿ ಬಹಳ ಹೊತ್ತು ಚಕ್ರ ನೋಡುತ್ತಿದ್ದ.

ಬೈಂದೂರಿನಲ್ಲಿ ಗದ್ದೆಯ ಅಂಚಿನಲ್ಲಿ ಕೆಲಸ ಮುಗಿದ ಮೇಲೆ ಭಾವನ ದೊಡ್ಡಪ್ಪ ಸಮಾಧಾನದ ಧ್ವನಿಯಲ್ಲೇ, "ಹೆಸ್ರಿಡದ್ ಕೂಸಿಗೆ ಸೂತ್ಕ ಅಂದ್ ಎಂತದಿಲ್ಲೆ. ಮಿಂದ್ರೆ ಆಯ್ತ್" ಎಂದರು. ಆ ಮನುಷ್ಯ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಶಾಸ್ತ್ರದ ತಪ್ಪೂ ಇರಲಿಲ್ಲ. ನಾವು ಮಿಂದೆವು. ಮರುದಿನ ನಾನು ಅಂಗಡಿಯ ಬಾಗಿಲು ತೆಗೆದೆ. ಬಂದ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸಿದೆ. ಸತ್ತದ್ದು ಯಾರು ಎಂದು ಹೇಳಲು ಹೆಸರಿಲ್ಲದಿದ್ದರೆ ಸಾವೂ ಸುದ್ದಿಯಾಗುವುದಿಲ್ಲ, ಬರೀ 'ಗುಲಾಬಿದು ಈ ಸಲವೂ ಹಾಗಾಯ್ತಂತೆ' ಎಂದಾಗುತ್ತದೆ ಎಂಬುದು ಆ ವಾರ ನನಗೆ ಗೊತ್ತಾಯಿತು. ಇದಕ್ಕಿಂತ ನಿರ್ದಯವಾದ ಪಾಠವನ್ನು ನಾನು ಯಾವ ಗ್ರಂಥದಲ್ಲೂ ಓದಿಲ್ಲ.

ಗುಲಾಬಿ ಅಳಲಿಲ್ಲ. ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತೇವೆ. ಹೆಂಗಸರು ಮರ್ಕುವಾಗ ಹೋದವರ ಹೆಸರು ಹಿಡಿದು ಕರೆದು, ಅವರ ಗುಣಗಳನ್ನು ಹೇಳಿ, ತಮ್ಮನ್ನು ಬಿಟ್ಟುಹೋದದ್ದಕ್ಕೆ ಬೈದು ಮರ್ಕುತ್ತಾರೆ. ಬಾಣಂತಿ ಹೀಗೆ ಕಲ್ಲಿನ ಹಾಗೆ ಕೂರಬಾರದು, ಎದೆಯಲ್ಲಿ ಹಾಲು ಕಟ್ಟಿಕೊಂಡಿದೆ, ಒಂದು ಸಲ ಮರ್ಕಿಬಿಡು ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ನಾನೂ ಒಮ್ಮೆ ಹತ್ತಿರ ಕೂತು ಹೇಳಿದೆ. ಅವಳು ನನ್ನನ್ನು ನೋಡಿ, "ಎಂತ ಅಂದ್ ಕರ್ದ್ ಮರ್ಕುದ್, ಅಣ್ಣಯ್ಯ? ಹೆಸ್ರೇ ಇಡ್ಲಿಲ್ಯಲೆ" ಎಂದಳು. ಸುಧಾರಿಕೆಯ ಮಹಾಪಂಡಿತನಾದ ನಾನು ಎದ್ದು ಅಂಗಳಕ್ಕೆ ಹೋದೆ.

ಗೊತ್ತುಮಾಡಿದ್ದನ್ನೆಲ್ಲ ಬೇಡವೆನ್ನುವ ಕೆಲಸವೂ ನನ್ನದೇ ತಾನೆ? ಭಟ್ಟರಿಗೆ ಬೇಡವೆಂದೆ, ಶಾಮಿಯಾನದವರಿಗೆ ಬೇಡವೆಂದೆ, ಹೂವಿನವಳಿಗೆ, ಪುರೋಹಿತರಿಗೆ, ಕರೆದ ನೆಂಟರಿಗೆಲ್ಲ ಬೇಡವೆಂದೆ. ಬೇಡ ಎನ್ನದೆ ಉಳಿದದ್ದು ಒಂದೇ. ನಮ್ಮವರ ನಾಲಗೆಗೆ ಹಲವು ಅಂಕೆಗಳುಂಟು ಎಂಬುದು ನಿಮಗೂ ಗೊತ್ತಿದೆ. ಹೊರಟಾಗ ಹೋಗುತ್ತೇನೆ ಎನ್ನದೆ ಬತ್ತೆ ಎನ್ನುತ್ತೇವೆ. ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಆದರೆ ತೊಟ್ಟಿಲು ಬೇಡ ಎಂಬುದನ್ನು ಹೇಳಲಿಕ್ಕೆ ಅಂಥದೊಂದು ಮೆದುವಾದ ಮಾತನ್ನು ನಮ್ಮ ಹಿರಿಯರು ಮಾಡಿಟ್ಟು ಹೋಗಿರಲಿಲ್ಲ. ಆ ಶಬ್ದವನ್ನು ಆಡಿದ ಮನೆಗೆ ಮತ್ತೆ ತೊಟ್ಟಿಲು ಬರುವುದಿಲ್ಲವೆಂಬ ಹೆದರಿಕೆ ಬೇರೆ. ಅಮ್ಮ ಹೇಳಿ ಕಳಿಸಿರಬಹುದೆಂದು ನಾನು, ನಾನು ಹೇಳಿರಬಹುದೆಂದು ಅಮ್ಮ, ಇಬ್ಬರಲ್ಲಿ ಒಬ್ಬರು ಹೇಳಿಯೇ ಇರುತ್ತಾರೆಂದು ಭಾವ. ಹಾಲಾಡಿಯ ಆ ಮನೆಗೆ ಆಗ ಫೋನೂ ಇರಲಿಲ್ಲ. ಸುದ್ದಿ ತಾನಾಗಿ ಅಲ್ಲಿಗೆ ನಡೆದು ಹೋಗುವಷ್ಟು ದೊಡ್ಡ ಸಾವೂ ಅದಾಗಿರಲಿಲ್ಲ.

ಹಾಗಾಗಿ, ಗೊತ್ತುಮಾಡಿದ ದಿನ ಬೆಳಿಗ್ಗೆ, ಮನೆಯ ಮುಂದೆ ಒಂದು ಜೀಪು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಹೊಸ ಸೀರೆಯುಟ್ಟು, ಮಲ್ಲಿಗೆ ಮುಡಿದು, ತೊಟ್ಟಿಲಿನ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡಮ್ಮ ಕೂತಿದ್ದರು. "ಹ್ವಾಯ್, ಯಾರಿದ್ರಿ ಒಳ್ಗೆ? ತೊಟ್ಲ್ ಇಳ್ಸುಕೆ ಬನ್ನಿ! ಎಂತ, ತೋರಣ ಇನ್ನೂ ಕಟ್ಲಿಲ್ಯಾ?" ಎಂದು ದಾರಿಯವರೆಗೂ ಕೇಳುವಂತೆ ಕೂಗಿದರು. ಒಳಗೆ ನಾವೂ ಬೈಂದೂರಿನಿಂದ ಬಂದಿದ್ದ ಭಾವನೂ ಗಂಜಿಗೆ ಕೂತಿದ್ದೆವು. ಹಿಂದಿನ ದಿನ ರೈಲಿನಲ್ಲಿ ಬಂದಿಳಿದಿದ್ದ ಜಲಜಕ್ಕ ಕೈಯಲ್ಲಿದ್ದ ಬಟ್ಟಲನ್ನು ಹಾಗೇ ಹಿಡಿದುಕೊಂಡಿದ್ದಳು. ಸಿಕ್ಕಿದ ಟಿಕೆಟು, ಬಿಡುವುದು ಹೇಗೆ, ಗುಲಾಬಿಯ ಮುಖವನ್ನಾದರೂ ನೋಡಿ ಹೋಗುವ ಎಂದು ಬಂದವಳು ಅವಳು. ಯಾರೂ ಏಳಲಿಲ್ಲ. ನನ್ನ ಜೀವನದಲ್ಲಿ ಅತಿಥಿ ಬಂದಾಗ ನಾನು ಎದ್ದು ಹೋಗದಿದ್ದದ್ದು ಅದೊಂದೇ ಸಲ.

ವಿಷಯ ಹೇಳಿದವರು ಅಮ್ಮ. ದೊಡ್ಡಮ್ಮ ಜೀಪಿನಿಂದ ಇಳಿದವರೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮುಡಿಯ ಮಲ್ಲಿಗೆಯನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡರು. ಆಮೇಲೆ ಅವರಿಗೆ ಸಿಟ್ಟು ಬಂತು. "ಒಂದ್ ಮಾತ್ ಹೇಳಿ ಕಳ್ಸುಕೆ ಆಯ್ಲಿಲ್ಯಾ ನಿಮ್ಗೆ? ಹೂಗ್ ಮುಡ್ಕಂಡ್ ಬಂದೆ ನಾನ್! ಆ ಹೆಣ್ಣಿಗೆ ಯಾವ್ ಮೋರೆ ತೋರ್ಸುದ್?" ಎಂದು ನನ್ನನ್ನು ಬೈದರು. ಬೈದಷ್ಟೂ ಬೇಕೆನಿಸಿತು ನನಗೆ. ಅಷ್ಟರಲ್ಲಿ ಜೀಪಿನವನು ತನ್ನ ಕೆಲಸವೆಂದು ತೊಟ್ಟಿಲನ್ನು ಇಳಿಸಿ ಹೊಸ್ತಿಲ ಮುಂದೆ ಇಟ್ಟುಬಿಟ್ಟಿದ್ದ. ಒಳಗೆ ಹಳದಿ ಬಟ್ಟೆಯಲ್ಲಿ ಕುತ್ತಿಗೆಯ ತನಕ ಸುತ್ತಿಸಿಕೊಂಡು, ಹಣೆಯ ಜಾಗದಲ್ಲಿ ಒಂದು ಕಾಡಿಗೆಯ ಬೊಟ್ಟಿಟ್ಟುಕೊಂಡು ಗುಂಡುಕಲ್ಲು ಮಲಗಿತ್ತು.

ಈಗೇನು ಮಾಡುವುದು? ಒಳಗೆ ತರುವಂತಿಲ್ಲ, ತರಲು ಮಗುವಿಲ್ಲ. ಹಿಂದೆ ಕಳಿಸುವಂತಿಲ್ಲ, ಹೆಸರು ಕರೆಯದೆ ಅದು ಹಿಂದೆ ಹೋದದ್ದಿಲ್ಲ. ಅಮ್ಮ ಪುರೋಹಿತರನ್ನು ಕೇಳುವ ಎಂದರು, ದೊಡ್ಡಮ್ಮ ದೇವರನ್ನು ಕೇಳುವ ಎಂದರು, ಜೀಪಿನವನು ತನಗೆ ಇನ್ನೊಂದು ಬಾಡಿಗೆ ಇದೆ ಎಂದ. ಸಾವಿರ ಜನರ ಊಟವನ್ನು ಸುಧಾರಿಸಿದ ನಾನು ಒಂದು ತೊಟ್ಟಿಲಿನ ಮುಂದೆ ಬೈರಾಸು ತಿರುಚುತ್ತ ನಿಂತಿದ್ದೆ. ಇಂಥ ಮಾರಿಹಬ್ಬವನ್ನು ವೈರಿಗೂ ಕೊಡಬೇಡ ದೇವರೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಳಕೋಣೆಯ ಬಾಗಿಲು ತೆರೆದು ಗುಲಾಬಿ ಬಂದದ್ದನ್ನು ನಮ್ಮಲ್ಲಿ ಯಾರೂ ಗಮನಿಸಲಿಲ್ಲ.

ಅವಳು ತೊಟ್ಟಿಲನ್ನು ನೋಡಿದಳು. ಬಗ್ಗಿ, ಕಲ್ಲಿನ ಬಟ್ಟೆಯ ಅಂಚು ಸಡಿಲವಾಗಿದ್ದದ್ದನ್ನು ಒಳಗೆ ಸಿಕ್ಕಿಸಿದಳು. ಅಂದು ಹೆದ್ದಾರಿಯ ಬದಿಯಲ್ಲಿ ಮಾಡಿದ ಹಾಗೆಯೇ. ಆಮೇಲೆ, "ಅಣ್ಣಯ್ಯ, ಕಟ್ಟ್" ಎಂದಳು. ಅಮ್ಮ, "ಹೆಣೆ, ಬ್ಯಾಡ್ದೇ, ಕೂಸಿಲ್ದ್ ತೊಟ್ಲ್ ಕಟ್ಟುಕಾಗ" ಎಂದು ಕೈಹಿಡಿದರು. ಅವಳು ಅಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಕಟ್ಟ್ ಅಣ್ಣಯ್ಯ" ಎಂದು ಇನ್ನೊಮ್ಮೆ ಹೇಳಿದಳು. ನಾನು ಸ್ಟೂಲಿನ ಮೇಲೆ ಹತ್ತಿ, ಈ ಕೊಂಡಿಗೆ ಹಗ್ಗ ಹಾಕಿ ತೊಟ್ಟಿಲು ಕಟ್ಟಿದೆ. ಗಂಟು ಬಿಗಿಯಾಗಲಿಲ್ಲವೆಂದು ಭಾವ ಕೆಳಗಿನಿಂದ ಹಗ್ಗ ಎಳೆದು ತಾನೇ ಬಿಗಿದ. ಹಗ್ಗ ಮಾರುವವನಲ್ಲವೇ.

ಗುಲಾಬಿ ಜಲಜಕ್ಕನನ್ನು ಕರೆದು ಅವಳ ಕಿವಿಯಲ್ಲಿ ಹೆಸರು ಹೇಳಿದಳು. ಜಲಜಕ್ಕ ತೊಟ್ಟಿಲಿಗೆ ಬಗ್ಗಿದವಳು ತಡವರಿಸಿದಳು. 'ಕೆಮಿ ಎಲ್ಲಿ?' ಎನ್ನುವ ಹಾಗೆ ಗುಲಾಬಿಯ ಮುಖ ನೋಡಿದಳು. ಕಲ್ಲಿಗೆ ಕಿವಿ ಯಾವ ಕಡೆ ಇರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತು? ಗುಲಾಬಿ ಕಲ್ಲನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ತನ್ನ ಬೆರಳಿಟ್ಟು, ಇಲ್ಲಿ ಎಂದು ತೋರಿಸಿದಳು. ಬೊಂಬಾಯಿಯ ಸೋದರತ್ತೆ ಅಲ್ಲಿಗೆ ಬಾಯಿಟ್ಟು ಮೂರು ಸಲ ಹೆಸರು ಊದಿ, ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು: "ಇಂಚರ."

ಗಾಜಿನ ಈಚೆಗೆ ಒಂದು ದಿನವೂ ಕೇಳಿಸದ ಸ್ವರಕ್ಕೆ ಅವಳ ತಾಯಿ ಆರಿಸಿಟ್ಟ ಹೆಸರು ಅದು. ಹಕ್ಕಿಗಳ ಇಂಪಾದ ದನಿಗೆ ಹಾಗೆನ್ನುತ್ತಾರೆಂದು ನಾನು ಅಮ್ಮನಿಗೆ ಅರ್ಥ ಹೇಳಬೇಕಾಗಲಿಲ್ಲ. ಅಮ್ಮ ಕಂಬ ಹಿಡಿದು ಕುಸಿದು, "ಇಂಚರಾ, ನನ್ ಪುಟ್ಟೀ, ಅಜ್ಜಿ ಮಡಿಲಿಗೆ ಬಾರ್ದೇ ಹೋದ್ಯಲ್ಲೇ" ಎಂದು ಮರ್ಕತೊಡಗಿದರು. ಗುಲಾಬಿ ತೊಟ್ಟಿಲಿನ ಅಂಚಿಗೆ ಹಣೆ ಕೊಟ್ಟು, ಇಂಚರಾ ಇಂಚರಾ ಎಂದು ಕರೆದು ಕರೆದು ಅತ್ತಳು. ಅಷ್ಟು ದಿನ ಅವಳು ಕಟ್ಟಿಹಿಡಿದಿದ್ದ ಅಳುವಿಗೆ ಕೊನೆಯಿತ್ತೋ ಇಲ್ಲವೋ. ಜೀಪಿನವನು ತನ್ನ ಬಾಡಿಗೆಯನ್ನು ಮರೆತು ಅಂಗಳದಲ್ಲಿ ಚಪ್ಪಲಿ ಕಳಚಿ ನಿಂತಿದ್ದ.

ಮಧ್ಯಾಹ್ನದ ಮೇಲೆ ದೊಡ್ಡಮ್ಮ ತೊಟ್ಟಿಲನ್ನೂ ಅದರೊಳಗಿನ ಕಲ್ಲನ್ನೂ ತೆಗೆದುಕೊಂಡು ಹಾಲಾಡಿಗೆ ಮರಳಿದರು. ನಾನು ಪೇಟೆಗೆ ಹೋಗಿ ಅಂಗಡಿಯ ಬಾಗಿಲು ಹಾಕಿದೆ. ಆಚೀಚೆಯವರು, ಎಂತ ಆಯ್ತು, ಯಾರು ಹೋದದ್ದು ಎಂದು ಕೇಳಿದರು. ನಮ್ಮ ಗುಲಾಬಿಯ ಮಗಳು, ಇಂಚರ ಅಂತ, ಎಂದೆ. ಹೆಸರಿಟ್ಟ ಮೇಲೆ ಸೂತಕ ಹಿಡಿಯಲೇಬೇಕು. ಶಾಸ್ತ್ರ ಬಲ್ಲವರು ಬೇಕಾದರೆ ನನ್ನೊಡನೆ ವಾದಕ್ಕೆ ಬರಲಿ.

ಇದರಿಂದ ಎಲ್ಲ ನೆಟ್ಟಗಾಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಗುಲಾಬಿಗೆ ಆಮೇಲೆ ಮಕ್ಕಳಾಗಲಿಲ್ಲ. ನಮಗೂ ಇಲ್ಲ. ದೊಡ್ಡಮ್ಮ ಹೋದರು, ಅಮ್ಮನೂ ಹೋದರು. ಹಾಲಾಡಿಯ ತೊಟ್ಟಿಲು ಯಾರದೋ ಅಟ್ಟ ಸೇರಿದೆಯಂತೆ. ಈಗಿನ ನಾಮಕರಣಗಳಿಗೆ ಹಾಲ್‌ನವರೇ ಹೂವಿನ ತೊಟ್ಟಿಲು ಕೊಡುತ್ತಾರೆ. ನಾನೀಗ ಸುಧಾರಿಕೆಗೆ ಹೋಗುವುದು ಬೊಜ್ಜಗಳಿಗೆ ಮಾತ್ರ. ಅಲ್ಲಿ ಎಲ್ಲರಿಗೂ ಒಂದು ಹೆಸರಿರುತ್ತದೆ ಎಂಬುದೇ ನನಗೊಂದು ಸಮಾಧಾನ. ಉಳಿದ ಸಮಾಧಾನಗಳನ್ನು ನಾನು ಹುಡುಕಿ ಸೋತಿದ್ದೇನೆ.

ಇರಲಿ, ಎಲೆಕ್ಟ್ರಿಷಿಯನ್ನನ್ನು ಏಣಿಯ ಬುಡದಲ್ಲೇ ನಿಲ್ಲಿಸಿ ನಾನು ಎಲ್ಲಿಗೋ ಹೋಗಿಬಿಟ್ಟೆ. ಅವನಿಗೆ ತಾಳ್ಮೆ ತಪ್ಪಿತ್ತು. ಬಾಳೆಗೊನೆಗೆ ಬೇಕಾದರೆ ತಾನು ಬೇರೆ ಮೊಳೆ ಹೊಡೆದುಕೊಡುತ್ತೇನೆ, ಈ ಕೊಂಡಿಯನ್ನು ಫ್ಯಾನಿಗೆ ಬಿಡಿ ಎಂದು ಅವನು ಗೊನೆಯನ್ನು ಇಳಿಸಲು ಕೈಚಾಚಿದ. ಹಬ್ಬಕ್ಕೆಂದು ಬೈಂದೂರಿನಿಂದ ಬಂದಿದ್ದ ಗುಲಾಬಿ ಅವನಿಗೆ ಚಾ ತರುತ್ತಿದ್ದವಳು ಬಾಗಿಲಲ್ಲೇ ನಿಂತು, "ಅದನ್ ಮುಟ್ಬೇಡಿ. ಅದ್ ಇಂಚರನ ಕೊಂಡಿ" ಎಂದಳು.

"ಇಂಚರ ಅಂದ್ರೆ ಯಾರ್ ಅಮ್ಮಾ?" ಎಂದು ಅವನು ಕೇಳಿದ.

ಗುಲಾಬಿ ಚಾದ ಲೋಟವನ್ನು ಅವನ ಕೈಗೆ ಕೊಟ್ಟು, ಪೇಟೆಗೆ ಹೋದ ಮಗಳ ವಿಷಯ ಹೇಳುವ ತಾಯಿಯ ಸಹಜ ಸ್ವರದಲ್ಲಿ, "ನನ್ ಮಗ್ಳ್" ಎಂದಳು.

ಫ್ಯಾನನ್ನು ಮೂಲೆಯ ತೊಲೆಗೆ ಹಾಕಿಸಿದ್ದೇವೆ. ಗಾಳಿ ನನ್ನ ಕುರ್ಚಿಯ ತನಕ ಬರುವುದಿಲ್ಲ.